ಹುತಾತ್ಮಾ ಗಾಡಿಯಲ್ಲಿ ಊರಿಗೆ ಬಂದ ಬಿಯರ್ ಪಾಠ

ಸೋಲಾಪುರ: ಸಂಜೆ ಪುಣೆ ಬಿಟ್ಟು ರಾತ್ರಿ ಸೋಲಾಪುರ ಮುಟ್ಟುವ ಹುತಾತ್ಮಾ ಎಕ್ಸ್‌ಪ್ರೆಸ್‌ನಲ್ಲಿ ವಾರದ ಕೊನೆಗೆ ಗಡಿಭಾಗದ ಹುಡುಗರ ಗದ್ದಲ. ಪುಣೆಯ ಕಂಪನಿಗಳಲ್ಲಿ ದುಡಿದು ಅಕ್ಕಲಕೋಟ, ದಕ್ಷಿಣ ಸೋಲಾಪುರದ ಹಳ್ಳಿಗಳಿಗೆ ಮರಳುವವರು. ಬಟ್ಟೆಗಂಟಿನ ಜೊತೆ ಇವರು ಕೆಲವು ಹೊಸ ಶಬ್ದಗಳನ್ನೂ ಹೊತ್ತು ತರುತ್ತಾರೆ: ಲಾಗರ್, ಏಲ್, ವ್ಹೀಟ್, ಸ್ಟೌಟ್. ಅಪ್ಪ 'ಏನದು?' ಎಂದರೆ 'ಏನಿಲ್ರಿ, ಆಫೀಸಿನ ಮಾತು' ಎಂದು ಜಾರಿಕೊಳ್ಳುವುದೂ ಉಂಟು!

ಅಪ್ಪನ ಸಿಟ್ಟಿಗೆ ಅರ್ಥವಿಲ್ಲದಿಲ್ಲ. ಈ ಊರಿನಲ್ಲಿ ಕುಡಿತ ಎಂದೂ ಹಗುರ ವಿಷಯವಾಗಿರಲಿಲ್ಲ. 1930ರ ಮೇ 8ರಂದು ರೂಪಾಭವಾನಿ ಗುಡಿಯ ಕಡೆ ಜನ ಸಿಂದಿ ಗಿಡ ಕಡಿಯಲು ಹೋದಾಗಲೇ ಪೊಲೀಸರೊಂದಿಗೆ ಘರ್ಷಣೆಯಾಗಿ ಗೋಲಿಬಾರ್ ನಡೆಯಿತು. ನಂತರ ಮಾರ್ಷಲ್ ಲಾ. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಪುಣೆಯ ಯರವಡಾ ಜೈಲಿನಲ್ಲಿ ಗಲ್ಲಿಗೇರಿದರು. ಹುಡುಗರು ಕೂತು ಬಿಯರ್ ಚರ್ಚಿಸುವ ಗಾಡಿಗೆ ಇಟ್ಟಿರುವುದು ಇದೇ ಹುತಾತ್ಮರ ನೆನಪಿನ ಹೆಸರು.

ಈ ಭಾಗದ ಪರ್ಮಿಟ್ ರೂಮುಗಳಲ್ಲಿ ಬಿಯರ್ ಎಂದರೆ 'ಸ್ಟ್ರಾಂಗ್'. ಶೇ. 5ರಿಂದ 8ರವರೆಗೆ ಮದ್ಯಸಾರ. ರುಚಿ ಯಾರಿಗೆ ಬೇಕು, 'ಏರಬೇಕು' ಅಷ್ಟೆ! ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡಿ ಗಟಗಟ ಇಳಿಸುವುದೇ ರೂಢಿ. ಅತಿ ತಣ್ಣಗಿದ್ದರೆ ನಾಲಗೆ ಮರಗಟ್ಟುತ್ತದೆ, ಕೆಟ್ಟ ಬಿಯರೂ ಛಲೋ ಅನಿಸುತ್ತದೆ. ಪುಣೆಯಲ್ಲಿ 2009ರಲ್ಲಿ ಡೂಲಾಲಿ, ಬೆಂಗಳೂರಿನಲ್ಲಿ 2010ರಲ್ಲಿ ಟಾಯ್ಟ್ ಶುರುವಾದ ಮೇಲೆ ಅಲ್ಲಲ್ಲೇ ಬಿಯರ್ ಕುದಿಸಿ ಮಾರುವ ಪದ್ಧತಿ ಬೆಳೆಯಿತು. ಸಣ್ಣ ಸಣ್ಣ ಗ್ಲಾಸುಗಳಲ್ಲಿ ನಾಲ್ಕಾರು ಬಗೆ ಮುಂದಿಡುತ್ತಾರೆ. ಕಲಿಯುವವರಿಗೆ ಇದೇ ಅಂಕಲಿಪಿ.

ಕಸುಬು ನಮ್ಮವರಿಗೆ ಹೊಸದೇನಲ್ಲ. ಜವೆಗೋದಿಯನ್ನು ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿದರೆ ಮಾಲ್ಟ್. ಅದನ್ನು ಎಷ್ಟು ಹುರಿಯುತ್ತಾರೆ ಎಂಬುದರ ಮೇಲೆ ಬಣ್ಣ. ಹಂಚಿನ ಮೇಲಿನ ಶೇಂಗಾ ನೆನಪಿಸಿಕೊಂಡರೆ ಸಾಕು: ಹದವಾಗಿ ಹುರಿದರೆ ಹೊಂಬಣ್ಣ, ಸೀದರೆ ಕಪ್ಪು, ಕಹಿ. ಸ್ಟೌಟಿನಲ್ಲಿ ಕಾಫಿ ವಾಸನೆ ಬರುವುದು ಹೀಗೆ ಕಪ್ಪಾಗುವಂತೆ ಹುರಿದ ಕಾಳಿನಿಂದ. ವ್ಹೀಟ್ ಬಿಯರ್ ಮೂಸಿದರೆ ಬಾಳೆಹಣ್ಣು, ಲವಂಗ! ಜರ್ಮನ್ ಪದ್ಧತಿಯ ಈ ಗೋದಿ ಬಿಯರ್‌ಗೆ ಬಾಳೆಯನ್ನೂ ಹಾಕಿರುವುದಿಲ್ಲ, ಲವಂಗವನ್ನೂ ಹಾಕಿರುವುದಿಲ್ಲ. ಅದು ಈಸ್ಟಿನ ಕರಾಮತ್ತು. ಈಸ್ಟ್ ಬೆಚ್ಚಗೆ ಕೆಲಸ ಮಾಡಿದರೆ ಏಲ್, ಹಣ್ಣಿನ ವಾಸನೆ. ತಣ್ಣಗೆ, ನಿಧಾನಕ್ಕೆ ಮಾಡಿದರೆ ಲಾಗರ್, ತಿಳಿಯಾದ ರುಚಿ. ಐಪಿಎದ ಕಹಿ ಹಾಪ್ಸ್ ಎಂಬ ಬಳ್ಳಿಯ ಹೂವಿನದು.

ಜೋಳದಿಂದಲೂ ಆಗುತ್ತದೆಯೇ ಎಂದು ರೈತರು ಕೇಳಬಹುದು. ಆಗುತ್ತದೆ. ಆಫ್ರಿಕಾದ ಹಳ್ಳಿಗಳಲ್ಲಿ ಮೊಳಕೆ ಜೋಳದ ಬಿಯರ್ ಹಳೆಯ ರೂಢಿ. 1988ರಲ್ಲಿ ನೈಜೀರಿಯಾ ಸರಕಾರ ಜವೆಯ ಮಾಲ್ಟ್ ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಕಂಪನಿಗಳೇ ಜೋಳ, ಮೆಕ್ಕೆಜೋಳಕ್ಕೆ ಬಂದವು. ಇಲ್ಲಿ ಮಾತ್ರ ಮಾಲದಂಡಿ ಜೋಳ ರೊಟ್ಟಿಗೆ, ಅಂಬಲಿಗೆ. ಹಿಟ್ಟು ಎಷ್ಟು ಹುಳಿ ಬಂದಿದೆ ಎಂದು ಮೂಸಿಯೇ ಹೇಳುವ ಅಜ್ಜಿಯರಿಗೆ ಈ ಪಾಠವೇ ಬೇಕಿಲ್ಲ ಬಿಡಿ.

ರುಚಿ ನೋಡುವ ಕ್ರಮವೂ ಇದೆ. ಸಾಬೂನಿನ ಅಂಶ ಉಳಿದ ಗ್ಲಾಸಿನಲ್ಲಿ ನೊರೆ ನಿಲ್ಲದು. ಮೊದಲು ಮೂಸಬೇಕು, ಆಮೇಲೆ ಒಂದು ಗುಟುಕು ಬಾಯಲ್ಲಿ ತಿರುಗಿಸಿ ನುಂಗಬೇಕು. ಹಗುರದಿಂದ ಗಾಢಕ್ಕೆ ಹೋಗಬೇಕು, ಕಹಿ ಕೊನೆಗೆ. ನಡುವೆ ನೀರು, ಚೂರು ಸಪ್ಪೆ ರೊಟ್ಟಿ. ಸೋಲಾಪುರದ ಶೇಂಗಾ ಚಟ್ನಿ ದೂರ ಇಡುವುದೇ ಒಳ್ಳೆಯದು. ಕಾರದ ಮೇಲೆ ಐಪಿಎ ಕುಡಿದರೆ ಉರಿ ಇಮ್ಮಡಿ! ಚಟ್ನಿ ಬಿಡಲಾರದವರು ವ್ಹೀಟ್ ಬಿಯರ್ ಆರಿಸಿಕೊಳ್ಳಬಹುದು. ಎರಡು ಸಣ್ಣ ಗ್ಲಾಸಿನ ಮೇಲೆ ನಾಲಗೆ ದಣಿಯುತ್ತದೆ. ಮುಂದಿನದೆಲ್ಲ ರುಚಿಯಲ್ಲ, ನಶೆ. ಸ್ಟ್ರಾಂಗ್ ಚಟ ಹತ್ತಿದ ಗೆಳೆಯನಿಗೆ ಇದನ್ನು ತಿಳಿಸಿ ಹೇಳುವುದೇ ಕಷ್ಟದ ಕೆಲಸ.

ಮಹಾರಾಷ್ಟ್ರದಲ್ಲಿ ಸೌಮ್ಯ ಬಿಯರ್‌ಗೆ 21 ವರ್ಷ ತುಂಬಿರಬೇಕು, ಕಡಕ್ ಮದ್ಯಕ್ಕೆ 25. ಕುಡಿಯಲು ಪರವಾನಗಿ ಬೇಕೆನ್ನುವ 1949ರ ಕಾನೂನು ಇನ್ನೂ ಇದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಬೀಗರ ಊರೆಂದು ಇಂಡಿ, ಆಳಂದ ಕಡೆ ಹೋದವರು ಬರುವಾಗ ಚೀಲದಲ್ಲಿ ನಾಲ್ಕು ಬಾಟಲಿ ಇಟ್ಟುಕೊಂಡು ಗಡಿ ದಾಟಿದರೆ ಅದೂ ಅಪರಾಧವೇ, ಒಳಗಿರುವುದು ಲಾಗರ್ ಇರಲಿ, ಸ್ಟೌಟ್ ಇರಲಿ.