ನಾಲೆ ನೀರಿನ ಹಿಂದೆ ಬಂದ ವರದಕ್ಷಿಣೆ

ನನ್ನಜ್ಜಿಗೆ ಸೊಸೆಯರ ಮೇಲೆ ಸಿಟ್ಟು ಬಂದಾಗಲೆಲ್ಲ ಒಂದೇ ಮಾತು: "ನನ್ನ ತೆರ ಕೊಟ್ಟು ತಂದವ್ರೆ ಕನಮ್ಮಿ, ನಾನೇನ್ ನಿಮ್ಮಂಗೆ ದುಡ್ಡು ಕೊಟ್ಟು ಬಂದೋಳಾ?" ಅವಳಿಗಾಗಿ ತಾತನ ಮನೆಯವರು ಎಣಿಸಿದ್ದು 12 ರೂಪಾಯಿ, ಒಂದು ಸೀರೆ, ಎಲೆ ಅಡಿಕೆ. ಆ 12 ರೂಪಾಯಿಯನ್ನು ಅವಳು ಸಾಯುವವರೆಗೂ ಖರ್ಚು ಮಾಡಲಿಲ್ಲ. ಜಗಳಕ್ಕೊಮ್ಮೆ ಎತ್ತಿ ತೋರಿಸಿ ಮತ್ತೆ ಜೋಪಾನ ಮಾಡುತ್ತಿದ್ದಳು. ತವರಿಂದ ಚಿನ್ನ, ಸ್ಕೂಟರು ತಂದ ನನ್ನ ಚಿಕ್ಕಮ್ಮಂದಿರು ಅದಕ್ಕೆ ಎದುರಾಡಿದ್ದನ್ನು ನಾನು ನೋಡಲಿಲ್ಲ.

ಒಂದೇ ಮನೆ, ಒಂದೇ ಜಾತಿ, ನಡುವೆ ಒಂದೇ ತಲೆಮಾರು. ದುಡ್ಡು ಮಾತ್ರ ದಿಕ್ಕು ಬದಲಿಸಿತ್ತು. ಮೊದಲು ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ ಹೋಗುತ್ತಿದ್ದದ್ದು ಈಗ ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ. ಈ ತಿರುವು ಯಾವಾಗ, ಹೇಗೆ ಆಯಿತು? ವರದಕ್ಷಿಣೆ ಅನಾದಿ ಕಾಲದ ಅನಿಷ್ಟ ಎಂದು ಭಾಷಣಗಳಲ್ಲಿ ಕೇಳಿ ಬೆಳೆದ ನಮಗೆ ಈ ಪ್ರಶ್ನೆಯೇ ವಿಚಿತ್ರ ಅನಿಸುತ್ತದೆ. ಆದರೆ ಮಂಡ್ಯ ಸೀಮೆಯ ಮಟ್ಟಿಗೆ ಇದಕ್ಕೆ ಉತ್ತರ ಇದೆ. ಮಾನವಶಾಸ್ತ್ರಜ್ಞರು ಹಳ್ಳಿಯಲ್ಲಿ ಮನೆ ಹಿಡಿದು, ಕಣದಲ್ಲಿ ಕೂತು, ಮದುವೆ ಊಟ ಉಂಡು ಬರೆದಿಟ್ಟ ಪುಸ್ತಕಗಳಲ್ಲಿ ಅದು ಬಿಡಿಬಿಡಿಯಾಗಿ ಹರಡಿಕೊಂಡಿದೆ.

ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸ್ ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಕೈಕೆಳಗೆ ಎಂ.ಎ.ಗೆ ಬರೆದ ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ಅದರ ವಸ್ತು ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬ. ಬ್ರಾಹ್ಮಣೇತರ ಜಾತಿಗಳಲ್ಲೆಲ್ಲ ರೂಢಿಯಲ್ಲಿದ್ದ ತೆರದ ಲೆಕ್ಕ ಅದರಲ್ಲಿದೆ. 'ತೆರು' ಎಂಬ ಕ್ರಿಯಾಪದದಿಂದಲೇ ತೆರ, ತೆರಿಗೆ ಎರಡೂ ಬಂದವು. ಕೊಡಲೇಬೇಕಾದ್ದು ಎಂಬ ದನಿ ಎರಡರಲ್ಲೂ ಇದೆ. ಹಾಗೆಂದು ಅದು ಹೆಣ್ಣನ್ನು ಮಾರುವ ಬೆಲೆಯಲ್ಲ. ಮಾರುವ ಬೆಲೆಯಾಗಿದ್ದರೆ ಚೌಕಾಸಿ ನಡೆಯುತ್ತಿತ್ತು. ತೆರದ ಮೊತ್ತ ಕುಲದ ಕಟ್ಟಳೆ, ಸಾಹುಕಾರನಿಗೂ ಬಡವನಿಗೂ ಹೆಚ್ಚುಕಡಿಮೆ ಅದೇ. ಮದುವೆಯ ಚಪ್ಪರವೂ ಆಗ ಏಳುತ್ತಿದ್ದದ್ದು ಗಂಡಿನ ಮನೆ ಮುಂದೆ.

ತೆರದ ಹಿಂದಿನ ನ್ಯಾಯ ಹೊಲದಲ್ಲಿತ್ತು. ರಾಗಿ ಹೊಲದಲ್ಲಿ ಕಳೆ ಕೀಳುವುದು, ಕಣ ಸಾರಿಸುವುದು, ಒನಕೆ, ಬೀಸುಕಲ್ಲು, ದನಕರು ಎಲ್ಲ ಹೆಂಗಸರ ಪಾಲು. ಮಗಳು ಹೊರಟರೆ ತವರಿನಲ್ಲಿ ಎರಡು ಕೈ ಕಡಿಮೆ, ಗಂಡನ ಮನೆಯಲ್ಲಿ ಎರಡು ಕೈ ಹೆಚ್ಚು. ಆ ಎರಡು ಕೈಗೆ ಕೊಟ್ಟ ಮರ್ಯಾದೆ ತೆರ. ಬ್ರಾಹ್ಮಣರ ಕತೆ ಬೇರೆ. ಇಂಗ್ಲಿಷ್ ಓದಿ ಸರ್ಕಾರಿ ಚಾಕರಿ ಹಿಡಿದ ವರನಿಗೆ ದಕ್ಷಿಣೆ ಎಣಿಸುವ ಚಾಳಿ ಅವರಲ್ಲಿ ಅಷ್ಟರಲ್ಲಾಗಲೇ ಕಾಲೂರಿತ್ತು.

ಅತ್ತ ಕನ್ನಂಬಾಡಿಯಲ್ಲಿ 1911ರಲ್ಲಿ ಶುರುವಾದ ಕಟ್ಟೆ ಮೂವತ್ತರ ದಶಕದ ಆರಂಭದ ಹೊತ್ತಿಗೆ ಮುಗಿಯಿತು. ವೈಸ್‌ರಾಯ್ ಇರ್ವಿನ್ ಹೆಸರಿನ ಕಾಲುವೆ, ಮುಂದೆ ವಿಶ್ವೇಶ್ವರಯ್ಯ ನಾಲೆಯಾದದ್ದು, ಮಂಡ್ಯದ ಬಯಲಿಗೆ ನೀರು ತಂದಿತು. 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಜಿಲ್ಲೆಯ ಪಟ್ಟ. ರಾಗಿ, ಹುರುಳಿ ಬೆಳೆಯುತ್ತಿದ್ದ ನೆಲದಲ್ಲಿ ಕಬ್ಬು, ಭತ್ತ. ನೀರಿನ ಬೆನ್ನಿಗೇ ಸೊಳ್ಳೆ, ಸೊಳ್ಳೆಯ ಬೆನ್ನಿಗೇ ಚಳಿಜ್ವರ. ಅದೂ ಮುಂದೆ ಲೆಕ್ಕಕ್ಕೆ ಬರುತ್ತದೆ.

ಈ ನಾಲೆ ಬಯಲಿಗೆ 1954ರಲ್ಲಿ ಬಂದವರು ಸ್ಕಾರ್ಲೆಟ್ ಎಪ್‌ಸ್ಟೈನ್. ವಿಯೆನ್ನಾದಲ್ಲಿ 1922ರಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು. ನಾಜಿಗಳಿಂದ ತಪ್ಪಿಸಿಕೊಂಡು ಅಲ್ಬೇನಿಯಾ ದಾಟಿ ಇಂಗ್ಲೆಂಡಿಗೆ ಹೋಗಿ, ಬಟ್ಟೆ ಕಾರ್ಖಾನೆಯಲ್ಲಿ ದುಡಿದು, ತಡವಾಗಿ ಮ್ಯಾಂಚೆಸ್ಟರ್‌ನಲ್ಲಿ ಓದಿದವರು. ಮಂಡ್ಯದ ಬಳಿ ಎರಡು ಹಳ್ಳಿ ಆರಿಸಿಕೊಂಡು ಅವಕ್ಕೆ ವಂಗಲ, ದಲೇನ ಎಂಬ ಕಲ್ಪಿತ ಹೆಸರಿಟ್ಟರು. ವಂಗಲಕ್ಕೆ ನಾಲೆ ನೀರು ಬಂದಿತ್ತು. ದಲೇನ ಎತ್ತರದಲ್ಲಿದ್ದ ಊರು. ಸುತ್ತಲೂ ಹಸಿರು, ಅದರ ನೆಲ ಮಾತ್ರ ಒಣ.

ನೀರು ಬಂದ ಊರು ಬದಲಾಗುತ್ತದೆ, ಬಾರದ ಊರು ಹಾಗೇ ಉಳಿಯುತ್ತದೆ ಎಂದು ಯಾರಾದರೂ ಅಂದುಕೊಳ್ಳುವುದು ಸಹಜ. ಎಪ್‌ಸ್ಟೈನ್ ಕಂಡದ್ದು ತಿರುವುಮುರುವು. ವಂಗಲದವರು ಕಾಸು ಕಂಡರು, ಆದರೆ ಮಾಡುತ್ತಿದ್ದದ್ದು ಅದೇ ಬೇಸಾಯ. ಹಾಗಾಗಿ ಒಕ್ಕಲು ಮನೆಗೂ ಆಳು ಮನೆಗೂ ತಲೆತಲಾಂತರದಿಂದ ಇದ್ದ ನಂಟು, ಸುಗ್ಗಿಯಲ್ಲಿ ಕೊಡುವ ದವಸ, ಯಜಮಾನಿಕೆ ಎಲ್ಲ ಇನ್ನಷ್ಟು ಬಿಗಿಯಾದವು. ನೀರು ಕಾಣದ ದಲೇನದವರು ಕಾರ್ಖಾನೆ ಕೆಲಸ, ಗಾಡಿ ಬಾಡಿಗೆ, ವ್ಯಾಪಾರ, ಪಕ್ಕದೂರಿನ ಗದ್ದೆ ಎಂದು ಹೊರಗೆ ಹರಡಿದರು. ಊರೊಳಗಿನ ಹಳೆಯ ಕಟ್ಟುಗಳು ತಾವಾಗಿ ಸಡಿಲವಾದವು. ಇದನ್ನೆಲ್ಲ ಬರೆದು ಅವರು 1962ರಲ್ಲಿ ತಂದ ಪುಸ್ತಕವನ್ನು ನೀರಾವರಿ ಯೋಜನೆಗಳ ಶಂಕುಸ್ಥಾಪನೆಗೆ ಮುಂಚೆ ಮಂತ್ರಿಗಳ ಕೈಗೊಂದು ಕೊಡಬೇಕಿತ್ತು.

ಎಪ್‌ಸ್ಟೈನ್ ಮೊದಲ ಸಲ ಬಂದು ಇಲ್ಲಿದ್ದ ಎರಡು ವರ್ಷ ಒಕ್ಕಲಿಗರ ಮದುವೆಯಲ್ಲಿ ನಡೆಯುತ್ತಿದ್ದದ್ದು ತೆರವೇ. 1970ರಲ್ಲಿ ಮರಳಿ ಬಂದಾಗ ತೆರ ಹಿಂದೆ ಸರಿದಿತ್ತು, ವರದಕ್ಷಿಣೆ ಕಾಲಿಟ್ಟಿತ್ತು. ಹದಿನೈದೇ ವರ್ಷ! ದೇಶದಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಅಂದರೆ ದೆಹಲಿಯಲ್ಲಿ ಯಾವುದನ್ನು ಹಳೆಯ ಪಿಡುಗೆಂದು ನಿಷೇಧಿಸಿದರೋ ಅದು ಮಂಡ್ಯದ ಒಕ್ಕಲು ಮನೆಗಳಿಗೆ ಹೊಚ್ಚ ಹೊಸ ಫ್ಯಾಷನ್ನಾಗಿ ಬಂದು ಇಳಿಯುತ್ತಿತ್ತು.

ಹೇಗೆ ಇಳಿಯಿತು? ಕಬ್ಬಿನ ದುಡ್ಡು ಕೈಗೆ ಬಂದವನು ಮೊದಲು ಮಾಡಿದ ಕೆಲಸ ಹೆಂಡತಿ ಮಕ್ಕಳನ್ನು ಗದ್ದೆಯಿಂದ ಬಿಡಿಸಿದ್ದು. ಕೂಲಿಯವರು ನಾಟಿ ಹಾಕಲಿ, ನಮ್ಮನೆ ಹೆಣ್ಣುಮಕ್ಕಳು ನೆರಳಲ್ಲಿರಲಿ ಎಂಬುದು ಅಂತಸ್ತಾಯಿತು. ಕೈ ಕೆಲಸ ಹೋದಮೇಲೆ ಕೈಗೆ ಕೊಡುವ ತೆರ ಯಾಕೆ? ಅದೇ ದುಡ್ಡಿನಿಂದ ಗಂಡುಮಕ್ಕಳು ಹೈಸ್ಕೂಲು, ಕಾಲೇಜು ಹತ್ತಿದರು. ಊರಿಗೊಬ್ಬ ಡಿಗ್ರಿ ಹುಡುಗ, ಅವನ ಮೇಲೆ ಹತ್ತು ಅಪ್ಪಂದಿರ ಕಣ್ಣು. ಓದಿಸಿದ ಖರ್ಚು ಎಂಬ ನೆಪದಲ್ಲಿ ಶುರುವಾದದ್ದು ವರೋಪಚಾರವಾಗಿ, ವಾಚು, ಸೂಟು, ಉಂಗುರವಾಗಿ ಬೆಳೆಯಿತು. ಚಪ್ಪರ ಹೆಣ್ಣಿನ ಕಡೆಯವರು ಬಾಡಿಗೆ ಕಟ್ಟುವ ಛತ್ರಕ್ಕೆ ಹೋಯಿತು.

ಇದೇ ಶ್ರೀನಿವಾಸ್, ಮೊದಲ ಪುಸ್ತಕ ಬರೆದ ನಲವತ್ತು ವರ್ಷದ ನಂತರ, ವರದಕ್ಷಿಣೆ ಕುರಿತ ಉಪನ್ಯಾಸವೊಂದರಲ್ಲಿ ಖಡಾಖಂಡಿತ ಮಾತಾಡಿದರು. ಇವತ್ತಿನ ವರದಕ್ಷಿಣೆ ಶಾಸ್ತ್ರಗಳ ಕನ್ಯಾದಾನ, ಸ್ತ್ರೀಧನಗಳ ಮುಂದುವರಿಕೆ ಅಲ್ಲವೇ ಅಲ್ಲ. ನಗದು ಹಣ, ಇಂಗ್ಲಿಷ್ ವಿದ್ಯೆ, ಸಂಬಳದ ನೌಕರಿಗಳ ಕೂಸು ಅದು ಎಂಬುದು ಅವರ ವಾದ. 'ಸಂಸ್ಕೃತೀಕರಣ' ಎಂಬ ಪದ ಕೊಟ್ಟವರೂ ಅವರೇ. ಮೇಲಿನವರನ್ನು ನೋಡಿ ನಡೆಯುವ ಆ ಚಪಲವೂ ಇಲ್ಲಿ ಕೆಲಸ ಮಾಡಿತ್ತೆನ್ನುವುದು ನನ್ನ ಅನಿಸಿಕೆ. ತೆರ ತೆಗೆದುಕೊಳ್ಳುವುದು ಹೀನ ಎಂಬ ಭಾವನೆ ಆ ಕಾಲದ ಯಜಮಾನರಲ್ಲಿ ಬಲವಾಗಿತ್ತು.

ಚಳಿಜ್ವರದ ಮಾತು ಬಾಕಿ ಇದೆ. ಆಸ್ಟ್ರೇಲಿಯಾದ ಜನಸಂಖ್ಯಾ ಶಾಸ್ತ್ರಜ್ಞರಾದ ಜಾನ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿ ಬೆಂಗಳೂರಿನ ಪಿ.ಎಚ್. ರೆಡ್ಡಿ ಅವರ ಜತೆಗೂಡಿ ಕರ್ನಾಟಕದ ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಜನಗಣತಿಯವರಂತೆ ಫಾರಂ ತುಂಬಿ ಹೊರಟು ಹೋಗದೆ, ಮಾನವಶಾಸ್ತ್ರಜ್ಞರಂತೆ ಮನೆಮನೆ ಮಾತು ಕೇಳಿದರು. ಮದುವೆ ಬದಲಾದ ಬಗೆಗೆ ಅವರು 1983ರಲ್ಲಿ ಕೊಟ್ಟ ವಿವರಣೆ ಸರಳ. ಚಳಿಜ್ವರದ ಸೊಳ್ಳೆ ಕೊಲ್ಲುವ ಡಿಡಿಟಿ, ಸಿಡುಬಿನ ಚುಚ್ಚುಮದ್ದು, ಆಸ್ಪತ್ರೆ ಬಂದು ಮಕ್ಕಳು ಬದುಕತೊಡಗಿದಾಗ ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ ಹೆಚ್ಚು ಕೂಸುಗಳು ಉಳಿದವು. ನಮ್ಮಲ್ಲಿ ಗಂಡು ತನಗಿಂತ ಏಳೆಂಟು ವರ್ಷ ಚಿಕ್ಕವಳನ್ನು ಮದುವೆಯಾಗುತ್ತಾನೆ. ಇಪ್ಪತ್ತೈದರ ಹುಡುಗರು ನೂರಿದ್ದರೆ ಹದಿನೆಂಟರ ಹುಡುಗಿಯರು ಅದಕ್ಕಿಂತ ಹೆಚ್ಚು. ವರನಿಗೆ ಅಭಾವ; ಅಭಾವವಿದ್ದ ಕಡೆ ಬೆಲೆ. ಮಕ್ಕಳನ್ನು ಉಳಿಸಿದ ಔಷಧಿಯೇ ಸುತ್ತಿ ಬಳಸಿ ಹೆಣ್ಣು ಹೆತ್ತವರ ಜೇಬಿಗೆ ಕೈ ಹಾಕಿತ್ತು.

ಜೇಬಿಗಷ್ಟೇ ಅಲ್ಲ. ಅರ್ಥಶಾಸ್ತ್ರಜ್ಞ ವಿಜಯೇಂದ್ರ ರಾವ್ ಕರ್ನಾಟಕದ ಮೂರು ಹಳ್ಳಿಗಳಲ್ಲಿ ಕುಂಬಾರರ ಮದುವೆ ಖರ್ಚಿನ ಅಧ್ಯಯನ ನಡೆಸಿದರು. ಫ್ರಾನ್ಸಿಸ್ ಬ್ಲಾಕ್ ಜತೆ 2002ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆ ಕುಟುಂಬಗಳೊಳಗಿನ ಹೊಡೆತ ಬಡಿತದ ಲೆಕ್ಕ ಇದೆ. ತವರು ಅನುಕೂಲಸ್ಥವಾಗಿದ್ದಷ್ಟೂ ಹೊಡೆತ ಬೀಳುವ ಸಂಭವ ಹೆಚ್ಚು. ಹೊಡೆದರೆ ಮತ್ತಷ್ಟು ಬರುತ್ತದೆ ಎಂಬ ಲೆಕ್ಕಾಚಾರ.

ಮಂಡ್ಯದಲ್ಲಿ ಲೆಕ್ಕಾಚಾರ ಬಸಿರಿನವರೆಗೆ ಇಳಿಯಿತು. 2023ರ ಕೊನೆಗೆ ಹೆಣ್ಣುಭ್ರೂಣ ಹತ್ಯೆಯ ಜಾಲವೊಂದನ್ನು ಬೆಂಗಳೂರು ಪೊಲೀಸರು ಬಯಲಿಗೆಳೆದಾಗ, ಸ್ಕ್ಯಾನಿಂಗ್ ನಡೆಯುತ್ತಿದ್ದ ಜಾಗಗಳಲ್ಲಿ ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯೂ ಇತ್ತು. ಕಬ್ಬಿನ ಗದ್ದೆಗಳ ನಡುವೆ ಬೆಲ್ಲ ಕಾಯಿಸುವ ಶೆಡ್ಡು. ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಚಿಕ್ಕಂದಿನಲ್ಲಿ ಆಲೆಮನೆ ಮುಂದೆ ಲೋಟ ಹಿಡಿದು ಕಬ್ಬಿನ ಹಾಲಿಗೆ ಸಾಲು ನಿಲ್ಲುತ್ತಿದ್ದದ್ದು.

ಈಗ ತಕ್ಕಡಿ ಇನ್ನೊಂದು ಕಡೆ ವಾಲಿದೆ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ಒಕ್ಕಲಿಗರ ವಧು-ವರರ ಸಮಾವೇಶಕ್ಕೆ ಹತ್ತು ಸಾವಿರ ಮೀರಿ ಗಂಡುಗಳು ಬಂದರೆ ಹೆಣ್ಣುಗಳು ಇನ್ನೂರೈವತ್ತು ಎಂದು ಪತ್ರಿಕೆಗಳಲ್ಲಿ ಬಂತು. ಮರುವರ್ಷ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಓದಿದ ಹುಡುಗಿಯರು ಬೆಂಗಳೂರಿನ ಸಂಬಳದ ಗಂಡು ಕೇಳುತ್ತಾರೆ. ಅಂಥವನಿಗೆ ಕಾರು, ಸೈಟು ಕೊಡಲು ಅಪ್ಪಂದಿರು ಇವತ್ತೂ ತಯಾರು. ನಾಲ್ಕೆಕರೆ ನೀರಾವರಿ ಇಟ್ಟುಕೊಂಡು ಊರಲ್ಲೇ ಉಳಿದವನನ್ನು ಕೇಳುವವರಿಲ್ಲ.

ಹೋದ ಸುಗ್ಗಿಯಲ್ಲಿ ನಮ್ಮೂರ ಟೀ ಅಂಗಡಿಯಲ್ಲಿ ಅಂಥ ಒಬ್ಬನ ಅಪ್ಪ ಮದುವೆ ದಲ್ಲಾಳಿಗೆ ಫೋನಿನಲ್ಲಿ ಹೇಳುತ್ತಿದ್ದ: "ಏನೂ ಬ್ಯಾಡ ಕನಣ್ಣ, ಹೆಣ್ಣು ಕೊಟ್ರೆ ಸಾಕು. ಒಡವೆ ನಾವೇ ಹಾಕ್ತೀವಿ, ಛತ್ರದ ದುಡ್ಡೂ ನಮ್ದೇ. ಬೇಕಾದ್ರೆ ಅವ್ರ ಕೈಗೂ ಒಂದಿಷ್ಟು ಕೊಡುವ." ಕೊಡುತ್ತೇನೆಂದ ಆ 'ಒಂದಿಷ್ಟಕ್ಕೆ' ಅವನು ಹೆಸರೇನೂ ಹೇಳಲಿಲ್ಲ.