ಕಾರ್ಖಾನೆ ಯುಗದ ಗಾಥಿಕ್ ಚರ್ಚು

ಲಂಡನ್ನಿನ ಆಕ್ಸ್‌ಫರ್ಡ್ ಸರ್ಕಸ್ಸಿನ ಅಂಗಡಿ ಸಾಲಿನ ಹಿಂದಿರುವ ಮಾರ್ಗರೆಟ್ ಸ್ಟ್ರೀಟಿನಲ್ಲಿ ಆಲ್ ಸೇಂಟ್ಸ್ ಎಂಬ ಚರ್ಚಿದೆ. ಬೀದಿಯಿಂದ ನೋಡಿದರೆ ಅದು ಪೂರ್ತಿ ಕಾಣುವುದಿಲ್ಲ. ಮೊದಲು ಒಂದು ಕಮಾನು ಬಾಗಿಲು, ಒಳಗೆ ಪುಟ್ಟ ಅಂಗಳ, ಅಂಗಳದ ಎರಡೂ ಮಗ್ಗುಲಿಗೆ ಎತ್ತರದ ಇಟ್ಟಿಗೆ ಕಟ್ಟಡಗಳು. ಪಾದ್ರಿಗಳ ವಾಸಕ್ಕೆ ಒಂದು, ಗಾಯನವೃಂದದ ಹುಡುಗರ ಶಾಲೆಗೆಂದು ಇನ್ನೊಂದು. ಇವುಗಳ ಹಿಂದೆ ಕೆಂಪು ಇಟ್ಟಿಗೆಯ ನಡುನಡುವೆ ಕಪ್ಪು ಇಟ್ಟಿಗೆಯ ಪಟ್ಟೆ ಎಳೆದ ಗೋಡೆಗಳು, ಮೇಲೆ 227 ಅಡಿ ಎತ್ತರದ ಚೂಪು ಶಿಖರ. ವಿಲಿಯಂ ಬಟರ್‌ಫೀಲ್ಡ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಈ ಚರ್ಚಿಗೆ 1850ರಲ್ಲಿ ಅಡಿಗಲ್ಲು ಬಿತ್ತು, 1859ರಲ್ಲಿ ಪ್ರತಿಷ್ಠೆಯಾಯಿತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಎದ್ದ ಇಂಥ ಸಾವಿರಾರು ಚರ್ಚುಗಳನ್ನು ಕಂಡವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ಇವೆಲ್ಲ ಹದಿಮೂರು, ಹದಿನಾಲ್ಕನೆಯ ಶತಮಾನದ ಗಾಥಿಕ್ ಚರ್ಚುಗಳ ನಕಲು. ಕಮಾನುಗಳನ್ನಷ್ಟೇ ನೋಡಿದರೆ ಹಾಗೆ ತೋರುವುದು ನಿಜ. ಆದರೆ ಒಳಗಿನ ಪೀಠೋಪಕರಣ, ನೆಲಹಾಸು, ಗಾಜು, ಕೂರುವ ವ್ಯವಸ್ಥೆಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಬೇರೆಯೇ ಸಂಗತಿ ತಿಳಿಯುತ್ತದೆ. ಇವು ಕಾರ್ಖಾನೆ, ರೈಲು, ಕಿಕ್ಕಿರಿದ ನಗರಗಳ ಕಾಲ ತನ್ನದೇ ಅಗತ್ಯಗಳಿಗೆ ಕಟ್ಟಿಕೊಂಡ ಹೊಸ ಕಟ್ಟಡಗಳು.

ಆ ಅಗತ್ಯ ಎಂಥದ್ದಿತ್ತು ಎಂಬುದನ್ನು ಜನಗಣತಿ ಹೇಳುತ್ತದೆ. 1801ರಲ್ಲಿ ಸುಮಾರು 90 ಲಕ್ಷವಿದ್ದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಸಂಖ್ಯೆ 1851ರ ಹೊತ್ತಿಗೆ ಎರಡರಷ್ಟಾಯಿತು. ಪ್ಯಾರಿಷ್ ಎಂದರೆ ಒಬ್ಬ ಪಾದ್ರಿಯ ಸುಪರ್ದಿಗೆ ಸೇರಿದ ಊರು ಅಥವಾ ಕೇರಿ. ಹಳ್ಳಿಗಳಿಗೆ ಸರಿಹೊಂದುತ್ತಿದ್ದ ಈ ಪದ್ಧತಿ ಮ್ಯಾಂಚೆಸ್ಟರ್, ಲೀಡ್ಸ್, ಲಂಡನ್ನಿನಂಥ ಕಡೆ ಕುಸಿದುಬಿತ್ತು. ಜನರಿದ್ದಲ್ಲಿ ಚರ್ಚಿರಲಿಲ್ಲ. 1818ರಲ್ಲಿ ಸಂಸತ್ತು ಹತ್ತು ಲಕ್ಷ ಪೌಂಡ್, 1824ರಲ್ಲಿ ಮತ್ತೆ ಐದು ಲಕ್ಷ ಪೌಂಡ್ ಮಂಜೂರು ಮಾಡಿತು. ಆ ಯೋಜನೆಯಡಿ 600ಕ್ಕೂ ಹೆಚ್ಚು ಚರ್ಚುಗಳು ಎದ್ದವು. ಆದರೆ ಅವುಗಳಲ್ಲಿ ಹೆಚ್ಚಿನವು ಕಡಿಮೆ ದುಡ್ಡಿನಲ್ಲಿ ಹೆಚ್ಚು ಜನರನ್ನು ಕೂರಿಸಲೆಂದು ಕಟ್ಟಿದ ಆಯತಾಕಾರದ ಹಜಾರಗಳು. ಆ ಕಾಲದ ಸಾಮಾನ್ಯ ಚರ್ಚಿನ ಒಳಗೆ ಅನುಕೂಲಸ್ಥರು ಬಾಡಿಗೆ ಕೊಟ್ಟು ಹಿಡಿದ, ಬಾಗಿಲು ಹಾಕಿಕೊಳ್ಳಬಹುದಾದ ಮರದ ಪೆಟ್ಟಿಗೆಯಂಥ ಆಸನಗಳಿರುತ್ತಿದ್ದವು. ಬಡವರಿಗೆ ಹಿಂದಿನ ಬೆಂಚು ಅಥವಾ ಅಟ್ಟ. ನಡುವೆ ಮೂರು ಅಂತಸ್ತಿನ ಪ್ರವಚನ ಪೀಠ: ಕೆಳಗೆ ಗುಮಾಸ್ತ, ಅವನ ಮೇಲೆ ಪ್ರಾರ್ಥನೆ ಓದುವ ಜಾಗ, ಎಲ್ಲಕ್ಕೂ ಮೇಲೆ ಉಪದೇಶ. ಎಷ್ಟೋ ಕಡೆ ಇದರ ಹಿಂದೆ ಬಲಿಪೀಠವೇ ಮರೆಯಾಗುತ್ತಿತ್ತು. ಕಟ್ಟಡ ನೋಡಿದವರಿಗೆ ಅದು ಪೂಜೆಯ ಜಾಗವೋ ಭಾಷಣದ ಸಭಾಂಗಣವೋ ಎಂಬ ಅನುಮಾನ ಬರುವಂತಿತ್ತು.

ಈ ವ್ಯವಸ್ಥೆಯ ಮೇಲೆ ಎರಡು ದಿಕ್ಕಿನಿಂದ ದಾಳಿ ನಡೆಯಿತು. ಕ್ಯಾಥೊಲಿಕ್ ಮತಕ್ಕೆ ಸೇರಿದ್ದ ವಾಸ್ತುಶಿಲ್ಪಿ ಪ್ಯೂಜಿನ್ 1836ರಲ್ಲಿ ‘ಕಾಂಟ್ರಾಸ್ಟ್ಸ್’ ಎಂಬ ಪುಸ್ತಕ ಪ್ರಕಟಿಸಿ, ಮಧ್ಯಯುಗದ ಕಟ್ಟಡಗಳ ಪಕ್ಕದಲ್ಲಿ ತನ್ನ ಕಾಲದ ಕಟ್ಟಡಗಳ ಚಿತ್ರವಿಟ್ಟು ಲೇವಡಿ ಮಾಡಿದ. 1839ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿಗಳಾದ ಜಾನ್ ಮೇಸನ್ ನೀಲ್, ಬೆಂಜಮಿನ್ ವೆಬ್ ಮತ್ತವರ ಗೆಳೆಯರು ಕೇಂಬ್ರಿಜ್ ಕ್ಯಾಮ್ಡೆನ್ ಸೊಸೈಟಿ ಕಟ್ಟಿ, ಆಂಗ್ಲಿಕನ್ ಚರ್ಚು ಹೇಗಿರಬೇಕೆಂದು ಪಟ್ಟುಹಿಡಿದು ಬರೆಯತೊಡಗಿದರು. ಪೆಟ್ಟಿಗೆ ಆಸನ ಹೋಗಬೇಕು, ಎಲ್ಲರಿಗೂ ತೆರೆದ ಬೆಂಚು ಬರಬೇಕು. ಜ್ಞಾನಸ್ನಾನದ ತೊಟ್ಟಿ ಬಾಗಿಲ ಬಳಿ ಇರಬೇಕು, ಯಾಕೆಂದರೆ ಜ್ಞಾನಸ್ನಾನವೇ ಸಭೆಯೊಳಗೆ ಬರುವ ಬಾಗಿಲು. ಪ್ರವಚನ ಪೀಠ ಪಕ್ಕಕ್ಕೆ ಸರಿಯಬೇಕು. ಬಲಿಪೀಠ ಎತ್ತರದ ಮೆಟ್ಟಿಲ ಮೇಲೆ ಎಲ್ಲರಿಗೂ ಕಾಣಬೇಕು. ನಮ್ಮ ಗುಡಿಗಳಲ್ಲಿ ನವರಂಗವೇ ಬೇರೆ, ಗರ್ಭಗುಡಿಯೇ ಬೇರೆ ಇರುವಂತೆ, ಜನ ಕೂರುವ ಹಜಾರ ಮತ್ತು ಬಲಿಪೀಠದ ಅಂಕಣ ಎರಡೂ ಹೊರಗಿನಿಂದಲೇ ಬೇರೆಬೇರೆ ಎಂದು ತಿಳಿಯಬೇಕು. ಬಟರ್‌ಫೀಲ್ಡ್‌ನ ಆಲ್ ಸೇಂಟ್ಸ್ ಈ ಗುಂಪಿನ ಮಾದರಿ ಚರ್ಚು.

ಹಳೆಯದನ್ನೇ ಮರಳಿ ತರುತ್ತಿದ್ದೇವೆ ಎಂದು ಇವರು ಹೇಳಿಕೊಂಡರು. ಆದರೆ ತಂದದ್ದರಲ್ಲಿ ಎಷ್ಟು ಹೊಸದಿತ್ತು ಎಂಬುದಕ್ಕೆ ಗಾಯನವೃಂದದ ಆಸನಗಳೇ ಸಾಕ್ಷಿ. ಇಂದು ಇಂಗ್ಲಿಷ್ ಚರ್ಚು ಎಂದೊಡನೆ ಬಲಿಪೀಠದ ಮುಂದೆ ಎದುರುಬದುರು ಬೆಂಚುಗಳಲ್ಲಿ ಬಿಳಿ ನಿಲುವಂಗಿ ತೊಟ್ಟ ಹುಡುಗರು ಹಾಡುವ ಚಿತ್ರ ಕಣ್ಣಮುಂದೆ ಬರುತ್ತದೆ. ಮಧ್ಯಯುಗದ ಸಾಮಾನ್ಯ ಹಳ್ಳಿ ಚರ್ಚಿನಲ್ಲಿ ಇಂಥದ್ದಿರಲಿಲ್ಲ. ಆ ಜಾಗ ಪಾದ್ರಿಗೂ ಅವನ ಸಹಾಯಕರಿಗೂ ಮೀಸಲಾಗಿತ್ತು. ಕೆಥೀಡ್ರಲ್‌ಗಳ ಈ ಪದ್ಧತಿಯನ್ನು ಪ್ಯಾರಿಷ್ ಚರ್ಚಿಗೆ ತಂದು ಜನಪ್ರಿಯಗೊಳಿಸಿದ್ದು 1841ರಲ್ಲಿ ಹೊಸದಾಗಿ ಕಟ್ಟಿದ ಲೀಡ್ಸ್ ಪ್ಯಾರಿಷ್ ಚರ್ಚು, ಅಲ್ಲಿನ ಪಾದ್ರಿ ವಾಲ್ಟರ್ ಹುಕ್. ಹಾಗೆಯೇ ಹಳ್ಳಿ ಚರ್ಚುಗಳ ಪಡುವಣ ಅಟ್ಟದಲ್ಲಿ ಪಿಟೀಲು, ಬಸೂನು ನುಡಿಸುತ್ತಿದ್ದ ಊರ ವಾದ್ಯಗಾರರು ಮೂಲೆಗುಂಪಾಗಿ ಆರ್ಗನ್ ಬಂತು. ಯೌವನದಲ್ಲಿ ವಾಸ್ತುಶಿಲ್ಪಿಯಾಗಿ ಚರ್ಚುಗಳ ಕೆಲಸ ಮಾಡಿದ್ದ ಥಾಮಸ್ ಹಾರ್ಡಿ 1872ರ ‘ಅಂಡರ್ ದ ಗ್ರೀನ್‌ವುಡ್ ಟ್ರೀ’ ಕಾದಂಬರಿಗೆ ಇದನ್ನೇ ವಸ್ತು ಮಾಡಿಕೊಂಡ. ಒಂದು ಪೀಠೋಪಕರಣ ಎಷ್ಟು ದೊಡ್ಡ ವಾದಕ್ಕೆ ಕಾರಣವಾಗಬಹುದು ಎಂಬುದನ್ನು ಕೇಂಬ್ರಿಜ್‌ನ ದುಂಡು ಚರ್ಚಿನ ಮೊಕದ್ದಮೆ ತೋರಿಸುತ್ತದೆ. ಕ್ಯಾಮ್ಡೆನ್ ಸೊಸೈಟಿ ಅಲ್ಲಿ ಕಲ್ಲಿನ ಬಲಿಪೀಠ ಕೂರಿಸಿತು. ಪಾದ್ರಿಯೇ ಇದನ್ನು ವಿರೋಧಿಸಿದ. 1845ರಲ್ಲಿ ಚರ್ಚಿನ ಉನ್ನತ ನ್ಯಾಯಾಲಯ, ಬೇಕಿರುವುದು ಜರುಗಿಸಬಲ್ಲ ಮರದ ಮೇಜು, ಕಲ್ಲಿನದು ಕಾನೂನುಬಾಹಿರ ಎಂದು ತೀರ್ಪಿತ್ತಿತು. ಕಲ್ಲಾದರೆ ಬಲಿ, ಮರವಾದರೆ ಸಹಭೋಜನ. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಜಗಳವೆಲ್ಲ ಆ ಮೇಜಿನ ಮೇಲೆ ಬಂದು ಕೂತಿತ್ತು. ಬರೀ ನಕಲು ಮಾಡುವವರು ಹೀಗೆ ಕೋರ್ಟು ಹತ್ತುವುದಿಲ್ಲ.

ಮತ್ತೆ ಮಾರ್ಗರೆಟ್ ಸ್ಟ್ರೀಟಿಗೆ ಬರೋಣ. ಬಟರ್‌ಫೀಲ್ಡ್‌ಗೆ ಸಿಕ್ಕ ನಿವೇಶನ ಸುಮಾರು ನೂರು ಅಡಿ ಚೌಕ. ಅದರಲ್ಲೇ ಚರ್ಚು, ಎರಡು ಕಟ್ಟಡ, ಅಂಗಳ ಎಲ್ಲವೂ ಹಿಡಿಸಬೇಕು. ಅಕ್ಕಪಕ್ಕದಲ್ಲಿ ಪರರ ಗೋಡೆ. ಹಳ್ಳಿಯ ಗಾಥಿಕ್ ಚರ್ಚಿಗೆ ಈ ಕಷ್ಟವಿಲ್ಲ. ಇಲ್ಲಿ ಹಜಾರ ಮೂರೇ ಅಂಕಣಕ್ಕೆ ನಿಂತು, ಅಗಲ ಸಾಲದ್ದಕ್ಕೆ ಎತ್ತರಕ್ಕೆ ಬೆಳೆಯಿತು. ಬಲಿಪೀಠದ ಹಿಂದೆ ದೊಡ್ಡ ಕಿಟಕಿಯಿಡುವುದು ಇಂಗ್ಲಿಷ್ ಚರ್ಚುಗಳ ವಾಡಿಕೆ. ಇಲ್ಲಿ ಕಿಟಕಿಯಿಲ್ಲದ ಇಡೀ ಗೋಡೆಯನ್ನು ಚಿತ್ರಗಳಿಗೆ ಬಿಟ್ಟರು. ಬಡಗಣ ಗೋಡೆಯ ಮೇಲೂ ಅಗಲವಾದ ಚಿತ್ರಫಲಕವಿದೆ. ಬಲಿಪೀಠದ ಹಿಂದೆ ವಿಲಿಯಂ ಡೈಸ್ ಬರೆದ ಮೊದಲ ಭಿತ್ತಿಚಿತ್ರಗಳು ಬೇಗನೆ ಹಾಳಾದವು; 1909ರಲ್ಲಿ ನಿನಿಯನ್ ಕಾಂಪರ್ ಅವನ್ನು ಹೊಸದಾಗಿ ಬರೆಯಬೇಕಾಯಿತು. ಆದರೆ 1873ರಲ್ಲಿ ಬಡಗಣ ಗೋಡೆಗೆ ಕೂರಿಸಿದ ಚಿತ್ರಗಳು ಟೈಲ್ಸ್ ಮೇಲೆ ಬರೆದು ಸುಟ್ಟಂಥವು. ಬಣ್ಣ ಬಳಿದು ಅಲಂಕರಿಸುವ ಬದಲು ಕಟ್ಟುವ ವಸ್ತುವಿನಲ್ಲೇ ಬಣ್ಣವಿರಲಿ ಎಂಬುದು ಬಟರ್‌ಫೀಲ್ಡ್‌ನ ನಿಲುವು. ನಯಗೊಳಿಸಿದ ಗ್ರಾನೈಟ್ ಕಂಬ, ಬಣ್ಣಬಣ್ಣದ ಅಮೃತಶಿಲೆಯ ಪ್ರವಚನ ಪೀಠ, ಇಟ್ಟಿಗೆಯ ಪಟ್ಟೆ ಎಲ್ಲವೂ ಅದೇ ತರ್ಕದಿಂದ ಬಂದವು. ಲಂಡನ್ನಿನಲ್ಲಿ ಮನೆ, ಗೋದಾಮುಗಳ ವಸ್ತುವಾಗಿದ್ದ ಇಟ್ಟಿಗೆಯನ್ನು ಇಷ್ಟು ಮಾನದಿಂದ ಚರ್ಚಿಗೆ ಬಳಸಿದ್ದು ಆಗ ದಿಟ್ಟತನವೇ. ಇಟ್ಟಿಗೆಯ ಮೇಲಿನ ಸುಂಕ ರದ್ದಾದದ್ದೂ ಅಡಿಗಲ್ಲು ಬಿದ್ದ 1850ರಲ್ಲೇ.

ನೆಲದತ್ತ ನೋಡಿದರೆ ಕಾರ್ಖಾನೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ವಿಕ್ಟೋರಿಯನ್ ಚರ್ಚುಗಳ ಗುರುತೇ ಆಗಿರುವ ಎನ್‌ಕಾಸ್ಟಿಕ್ ಟೈಲ್ಸನ್ನು ಮಧ್ಯಯುಗದ ಮಠಗಳಲ್ಲಿ ಮಾಡುತ್ತಿದ್ದರು. ಆ ಕಲೆ ಮರೆತುಹೋಗಿತ್ತು. 1830ರಲ್ಲಿ ಸ್ಯಾಮ್ಯುಯಲ್ ರೈಟ್ ಪೇಟೆಂಟ್ ಪಡೆದ ವಿಧಾನವನ್ನು ಸ್ಟೋಕ್‌ನ ಪಿಂಗಾಣಿ ಉದ್ಯಮಿ ಹರ್ಬರ್ಟ್ ಮಿಂಟನ್ ಕೈಗೆತ್ತಿಕೊಂಡ. ಮಾಡುವ ಬಗೆ ಹೀಗೆ: ಅಚ್ಚಿನ ತಳದಲ್ಲಿ ಹೂವಿನ ಚಿತ್ತಾರ ಉಬ್ಬಿಕೊಂಡಿರುತ್ತದೆ. ಅದರ ಮೇಲೆ ಕೆಂಪು ಜೇಡಿಮಣ್ಣು ಒತ್ತಿದರೆ ಬಿಲ್ಲೆಯ ಮುಖದಲ್ಲಿ ಅಷ್ಟೇ ಆಕಾರದ ತಗ್ಗು ಬೀಳುತ್ತದೆ. ಆ ತಗ್ಗಿಗೆ ನೀರಾಗಿ ಕಲಸಿದ ಬಿಳಿ ಜೇಡಿ ಸುರಿದು, ಒಣಗಿದ ಮೇಲೆ ಮುಖವನ್ನು ಸಮನಾಗಿ ಹೆರೆಯುತ್ತಾರೆ. ಆಗ ಕೆಂಪಿನ ನಡುವೆ ಬಿಳಿ ಚಿತ್ತಾರ ಗೆರೆ ಕೊರೆದಂತೆ ಎದ್ದು ಬರುತ್ತದೆ. ಅನಂತರ ಗೂಡಿನಲ್ಲಿ ಸುಡುತ್ತಾರೆ. ಚಿತ್ತಾರ ಮಣ್ಣಿನೊಳಗೇ ಕೂತಿರುವುದರಿಂದ ಪಾದಗಳ ಸವೆತಕ್ಕೆ ಬೇಗ ಅಳಿಸುವುದಿಲ್ಲ. ಗಾಜಿನ ಕಥೆಯೂ ಇಂಥದ್ದೇ. ತನ್ನ ಕಾಲದ ಗಾಜು ತೆಳು, ಹಳೆಯ ಗಾಜಿನ ಆಳ ಅದಕ್ಕಿಲ್ಲ ಎಂದು ಕೊರಗಿದ ಚಾರ್ಲ್ಸ್ ವಿನ್ಸ್ಟನ್ ಎಂಬ ವಕೀಲ ಮಧ್ಯಯುಗದ ಗಾಜಿನ ಚೂರುಗಳ ರಾಸಾಯನಿಕ ಪರೀಕ್ಷೆ ಮಾಡಿಸಿದ. ಅದರ ಆಧಾರದ ಮೇಲೆ ಲಂಡನ್ನಿನ ಪೊವೆಲ್ ಕಂಪನಿ ದಪ್ಪ, ಗಾಢ ಬಣ್ಣದ ಗಾಜು ತಯಾರಿಸಿತು. ಟೈಲ್ಸ್ ನಡುವೆ ಗಾಥಿಕ್ ಚಿತ್ತಾರದ ಎರಕದ ಕಬ್ಬಿಣದ ಜಾಲರಿ ಕಂಡರೆ, ಅದರಡಿ ಚರ್ಚನ್ನು ಬೆಚ್ಚಗಿಡುವ ಕಾಲುವೆ ಹರಿದಿದೆ ಎಂದೇ ಅರ್ಥ.

ಇಲ್ಲಿ ಆಕ್ಷೇಪಗಳು ಏಳುವುದು ಸಹಜ. ಯಂತ್ರದಲ್ಲಿ ಮಾಡಿದ್ದಕ್ಕೆ ಮಧ್ಯಯುಗದ ರೂಪ ಕೊಡುವುದು ಸುಳ್ಳಲ್ಲವೇ? ಕ್ಯಾಟಲಾಗ್ ನೋಡಿ ತರಿಸಿದ ಹಿತ್ತಾಳೆ ಹದ್ದಿನ ಓದುಪೀಠ, ಒಂದೇ ಅಚ್ಚಿನ ಟೈಲ್ಸ್, ಒಂದೇ ಮುಖಭಾವದ ಸಂತರ ಕಿಟಕಿ ಇರುವ ಚರ್ಚುಗಳು ಬೇಕಾದಷ್ಟಿವೆ. ಅವು ಸಪ್ಪೆ ಎಂಬುದನ್ನು ಒಪ್ಪಲೇಬೇಕು. ಆದರೆ ಒಂದು ಶೈಲಿಯನ್ನು ಅದರ ಕಳಪೆ ಮಾಲಿನಿಂದ ತೂಗಬಾರದು. ಅನುಕೂಲಕ್ಕೋ ರಚನೆಗೋ ಔಚಿತ್ಯಕ್ಕೋ ಬೇಡದ್ದು ಕಟ್ಟಡದಲ್ಲಿ ಇರಕೂಡದೆಂಬುದು ಪ್ಯೂಜಿನ್‌ನ ಸೂತ್ರ. ಆ ಸೂತ್ರದಿಂದಲೇ ಅಳೆದರೆ ಆಲ್ ಸೇಂಟ್ಸ್‌ನ ಎತ್ತರ, ಕಿಟಕಿಯಿಲ್ಲದ ಗೋಡೆ, ಸುಟ್ಟ ಚಿತ್ರ ಎಲ್ಲಕ್ಕೂ ಕಾರಣವಿದೆ. ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಇದೇ ಉತ್ಸಾಹದಲ್ಲಿ ವಿಕ್ಟೋರಿಯನ್ನರು ನಿಜವಾದ ಹಳೆಯ ಚರ್ಚುಗಳನ್ನು ಜೀರ್ಣೋದ್ಧಾರದ ಹೆಸರಿನಲ್ಲಿ ಕೆರೆದು, ನಂತರದ ಶತಮಾನಗಳ ಪದರಗಳನ್ನು ಕಿತ್ತುಹಾಕಿದರು. ಇದನ್ನು ತಡೆಯಲೆಂದೇ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಕಟ್ಟಿದ. ಆ ಆರೋಪಕ್ಕೆ ಸಮರ್ಥನೆಯಿಲ್ಲ. ಆದರೆ ಅದು ಹಳೆಯ ಚರ್ಚಿಗೆ ಮಾಡಿದ ಹಾನಿಯ ಲೆಕ್ಕ. ಹೊಸ ಚರ್ಚಿನ ಯೋಗ್ಯತೆಯ ಲೆಕ್ಕ ಬೇರೆ.

ಮೂರನೆಯದು ದುಡ್ಡಿನ ಪ್ರಶ್ನೆ. ಆಲ್ ಸೇಂಟ್ಸ್‌ಗೆ ತಗುಲಿದ್ದು ಸುಮಾರು 70,000 ಪೌಂಡ್. ಬಡತನ ತುಂಬಿದ ನಗರದಲ್ಲಿ ಇದು ದುಂದು ಎನ್ನುವುದರಲ್ಲಿ ನ್ಯಾಯವಿದೆ. ಆದರೂ ಬಹುಪಾಲು ಖಾಸಗಿ ದಾನಿಗಳಿಂದ ಬಂದ ಈ ಹಣ ಯಾರ ಪಾಲಿಗೆ ಸೇರಿತು ಎಂಬುದನ್ನೂ ಕೇಳಬೇಕು. ಬಾಡಿಗೆ ಆಸನಗಳಿದ್ದ ಕಾಲದಲ್ಲಿ ಬಡವನಿಗೆ ಸಿಗುತ್ತಿದ್ದುದು ಹಿಂದಿನ ಸಾಲು. ಹೊಸ ಪಂಥ ಬಾಗಿಲುಗಳನ್ನು ಕಿತ್ತು, ಅಮೃತಶಿಲೆಯನ್ನೂ ಬಣ್ಣದ ಗಾಜನ್ನೂ ಒಳಗೆ ಬಂದವರೆಲ್ಲರ ಕಣ್ಣೆದುರು ಇಟ್ಟಿತು. 1860ರ ದಶಕದಲ್ಲಿ ಜೇಮ್ಸ್ ಬ್ರೂಕ್ಸ್ ಲಂಡನ್ನಿನ ಪೂರ್ವಭಾಗದ ಬಡ ಕೇರಿಗಳಲ್ಲಿ ಕಟ್ಟಿದ ಸೇಂಟ್ ಚ್ಯಾಡ್, ಸೇಂಟ್ ಕೊಲಂಬಾ ಚರ್ಚುಗಳು, ಕಡಿಮೆ ಅಲಂಕಾರದ ಬರೀ ಇಟ್ಟಿಗೆಯಲ್ಲೂ ಇದೇ ಗಾಂಭೀರ್ಯ ಸಾಧ್ಯವೆಂದು ತೋರಿಸಿದವು.

ಗಾಥಿಕ್ ಅಭಿರುಚಿ ಸಮುದ್ರ ದಾಟಿ ನಮ್ಮಲ್ಲಿಗೂ ಬಂತು. ಬೆಂಗಳೂರಿನ ದಂಡು ಪ್ರದೇಶದಲ್ಲಿ 1850ರ ದಶಕದ ಆರಂಭದ ಹೋಲಿ ಟ್ರಿನಿಟಿ ಚರ್ಚು ಇನ್ನೂ ಹಳೆಯ ಶಾಸ್ತ್ರೀಯ ಕಂಬಗಳ ಶೈಲಿಯಲ್ಲಿದೆ. 1882ರಲ್ಲಿ ಮುಗಿದ ಶಿವಾಜಿನಗರದ ಸೇಂಟ್ ಮೇರೀಸ್, ಕ್ಯಾಥೊಲಿಕರದಾದರೂ, ಚೂಪು ಕಮಾನಿಗೆ ಒಲಿದಿದೆ. ಇಂಗ್ಲೆಂಡಿನಲ್ಲಿ ಮಾತ್ರ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ವಿಕ್ಟೋರಿಯನ್ ಎಂಬುದು ಬೈಗುಳವೇ ಆಗಿತ್ತು. 1958ರಲ್ಲಿ ವಿಕ್ಟೋರಿಯನ್ ಸೊಸೈಟಿ ಹುಟ್ಟಿದ ಮೇಲೆ ಅಭಿಪ್ರಾಯ ನಿಧಾನವಾಗಿ ಬದಲಾಯಿತು, ಆಲ್ ಸೇಂಟ್ಸ್ ಇಂದು ಮೊದಲ ದರ್ಜೆಯ ಸಂರಕ್ಷಿತ ಕಟ್ಟಡ. ಲಂಡನ್ನಿಗೆ ಹೋಗುವವರು ವೆಸ್ಟ್‌ಮಿನ್‌ಸ್ಟರ್ ಅಬೆಯ ಸಾಲಿನಲ್ಲಿ ನಿಂತ ಮೇಲೆ, ಆಕ್ಸ್‌ಫರ್ಡ್ ಸ್ಟ್ರೀಟಿನ ಖರೀದಿಯ ನಡುವೆ ಅರ್ಧ ಗಂಟೆ ಇದಕ್ಕೂ ಇಡಲಿ. ಕಮಾನಿಗಿಂತ ಮೊದಲು ನೆಲ, ಗೋಡೆ, ಬೆಂಚುಗಳನ್ನು ನೋಡಲಿ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡನ್ನು ಅರಿಯಲು ಅದರ ರೈಲು ನಿಲ್ದಾಣಗಳಷ್ಟೇ ಈ ಚರ್ಚುಗಳೂ ಮುಖ್ಯ.