ಠಕ್ಕರ ಇಲಾಖೆಯಿಂದ ಐಬಿಯವರೆಗೆ

1886ರ ಏಪ್ರಿಲ್‌ನಲ್ಲಿ, ಭಾರತದ ಕಡೆ ಹೊರಟಿದ್ದ ಹಡಗಿನಿಂದ ಒಬ್ಬ ಮಾಜಿ ಮಹಾರಾಜನನ್ನು ಬ್ರಿಟಿಷರು ಏಡನ್ ಬಂದರಿನಲ್ಲಿ ಇಳಿಸಿಕೊಂಡರು. ಆತ ಪಂಜಾಬಿನ ಕೊನೆಯ ಸಿಖ್ ದೊರೆ ದುಲೀಪ್ ಸಿಂಗ್. ಹತ್ತನೇ ವಯಸ್ಸಿಗೇ ರಾಜ್ಯವನ್ನೂ ಕೊಹಿನೂರ್ ವಜ್ರವನ್ನೂ ಬ್ರಿಟಿಷರಿಗೆ ಬಿಟ್ಟುಕೊಟ್ಟವನು. ಆಮೇಲೆ ಕ್ರೈಸ್ತನಾಗಿ ಇಂಗ್ಲೆಂಡಿನ ಎಲ್ವೆಡನ್ ಎಸ್ಟೇಟಿನಲ್ಲಿ ಹಕ್ಕಿ ಹೊಡೆದುಕೊಂಡು ಕಾಲ ಕಳೆಯುತ್ತಿದ್ದ. ಪಿಂಚಣಿ, ಸಾಲ, ಅವಮಾನಗಳ ಜಗಳ ನಡುವಯಸ್ಸಿನಲ್ಲಿ ತಾರಕಕ್ಕೇರಿ ಸರ್ಕಾರದ ವಿರುದ್ಧ ತಿರುಗಿಬಿದ್ದ. ಏಡನ್‌ನಲ್ಲೇ ಮತ್ತೆ ಸಿಖ್ ದೀಕ್ಷೆ ಪಡೆದ. ಮುಂದಿನ ವರ್ಷ ಐರಿಷ್ ಬಂಡಾಯಗಾರನೊಬ್ಬನ ಪಾಸ್‌ಪೋರ್ಟ್ ಹಿಡಿದು ಪ್ಯಾರಿಸ್‌ನಿಂದ ಮಾಸ್ಕೋ ತಲುಪಿ, ಭಾರತದಿಂದ ಇಂಗ್ಲಿಷರನ್ನು ಓಡಿಸಲು ನೆರವಾಗಬೇಕೆಂದು ರಷ್ಯಾದ ಝಾರ್‌ನ ಬಾಗಿಲು ತಟ್ಟಿದ.

ಇತ್ತ ಅವನ ಬಂಧು ಠಾಕುರ್ ಸಿಂಗ್ ಸಂಧನ್‌ವಾಲಿಯಾ ಫ್ರೆಂಚರ ಪಾಂಡಿಚೇರಿಯಲ್ಲಿ ಠಿಕಾಣಿ ಹೂಡಿ, ಗದ್ದುಗೆಯಿಲ್ಲದ ರಾಜನ ಪ್ರಧಾನಿಯಂತೆ ಪತ್ರ ವ್ಯವಹಾರ ನಡೆಸುತ್ತಿದ್ದ. ಮಾಸ್ಕೋ, ಪಾಂಡಿಚೇರಿ, ಅಮೃತಸರ ಈ ಮೂರೂ ಊರುಗಳ ನಡುವಿನ ಎಳೆಯನ್ನು ಹಿಡಿಯುವವರು ಯಾರು? ಪಂಜಾಬಿನ ಪೊಲೀಸರಿಗೆ ಪಂಜಾಬು, ಮದರಾಸಿನವರಿಗೆ ಮದರಾಸು. ಇಡೀ ದೇಶಕ್ಕೆ ಸಂಬಂಧಿಸಿದಂತೆ ಸರ್ಕಾರದ ಕೈಯಲ್ಲಿದ್ದದ್ದು ಒಂದೇ ಒಂದು ಹಳೆಯ ಕಚೇರಿ: ಠಕ್ಕರು ಮತ್ತು ಡಕಾಯಿತರ ಇಲಾಖೆ. ದಾರಿಹೋಕರ ಕೊರಳಿಗೆ ವಸ್ತ್ರ ಬಿಗಿದು ಕೊಲ್ಲುತ್ತಿದ್ದವರನ್ನು ಹಿಡಿಯಲೆಂದು ವಿಲಿಯಂ ಸ್ಲೀಮನ್ 1830ರ ದಶಕದಲ್ಲಿ ಕಟ್ಟಿದ್ದು ಅದು. ಐವತ್ತು ವರ್ಷಗಳ ನಂತರ ಠಕ್ಕರು ಇರಲಿಲ್ಲ, ಇಲಾಖೆ ಮಾತ್ರ ಇತ್ತು. ಸರ್ಕಾರಿ ಇಲಾಖೆಗಳಿಗೆ ಅಷ್ಟು ಸುಲಭವಾಗಿ ಸಾವಿಲ್ಲ ನೋಡಿ.

ಅದರ ಮುಖ್ಯಸ್ಥ ಕರ್ನಲ್ ಪಿ.ಡಿ. ಹೆಂಡರ್ಸನ್ ದುಲೀಪ್ ಸಿಂಗ್ ಪ್ರಕರಣದ ಬೆನ್ನು ಹತ್ತಿದ. ಈತ ನಮಗೆ ತೀರಾ ಅಪರಿಚಿತನಲ್ಲ. 1892ರಿಂದ 1895ರವರೆಗೆ ಮೈಸೂರು ಸಂಸ್ಥಾನದ ಬ್ರಿಟಿಷ್ ರೆಸಿಡೆಂಟ್ ಆಗಿದ್ದವನು ಇವನೇ. ಇಂದು ರಾಜಭವನವಾಗಿರುವ ಬೆಂಗಳೂರಿನ ರೆಸಿಡೆನ್ಸಿಯಲ್ಲಿ ಕೂತು ಚಾಮರಾಜೇಂದ್ರ ಒಡೆಯರ ಆಡಳಿತದ ಮೇಲೆ ಕಣ್ಣಿಟ್ಟಿದ್ದವನು, ಅದಕ್ಕೂ ಮೊದಲು ಇಡೀ ದೇಶದ ಮೇಲೆ ಕಣ್ಣಿಟ್ಟಿದ್ದ.

ಇಡೀ ದೇಶದ ಮಾಹಿತಿ ಒಂದೆಡೆ ಸೇರುವ ಕಾಯಂ ವ್ಯವಸ್ಥೆ ಬೇಕೆಂದು ವೈಸ್‌ರಾಯ್ ಡಫರಿನ್ ಲಂಡನ್ನಿಗೆ ಬರೆದ. 1887ರ ಡಿಸೆಂಬರ್ 23ರಂದು ಭಾರತ ಮಂತ್ರಿಯ ಕಚೇರಿಯಿಂದ ಒಪ್ಪಿಗೆಯ ಪತ್ರ ಹೊರಟಿತು. ಪ್ರಾಂತಗಳಲ್ಲಿ ಪೊಲೀಸರ ಸ್ಪೆಷಲ್ ಬ್ರ್ಯಾಂಚ್‌ಗಳು, ಅವು ಕಳಿಸಿದ್ದನ್ನೆಲ್ಲ ಒಂದೆಡೆ ಕೂಡಿಸಲು ಠಕ್ಕರ ಇಲಾಖೆಗೆ ಅಂಟಿಕೊಂಡಂತೆ ಒಂದು ಪುಟ್ಟ ಸೆಂಟ್ರಲ್ ಸ್ಪೆಷಲ್ ಬ್ರ್ಯಾಂಚ್. ಶಾಸನವಿಲ್ಲ, ಗೆಜೆಟ್ ಘೋಷಣೆಯ ಸದ್ದಿಲ್ಲ. ನಾಲ್ಕು ದಿನ ಕಳೆದು, ಈ ಕಚೇರಿಯೇ ಮುಂದೆ ಬೆನ್ನು ಹತ್ತಲಿದ್ದ ಕಾಂಗ್ರೆಸ್ಸಿನ ಮೂರನೇ ಅಧಿವೇಶನ ಮದರಾಸಿನಲ್ಲಿ ಸೇರಿತು. ಇಂದು ಐಬಿ ಎಂದು ನಾವು ಕರೆಯುವ ಗುಪ್ತಚರ ದಳದ ಜನ್ಮಪತ್ರಿಕೆ ಆ ಒಂದು ಪತ್ರ.

ಆ ಕಚೇರಿ ಹಿಡಿಯುತ್ತಿದ್ದದ್ದು ಕಳ್ಳರನ್ನಲ್ಲ, ಮಾತನ್ನು. ಸಂತೆಯ ಗುಸುಗುಸು, ದೇಶಭಾಷೆಯ ಪತ್ರಿಕೆಗಳು, ಊರೂರು ತಿರುಗುವ ಸಾಧುಗಳು, ಸಂಸ್ಥಾನದ ರಾಜರ ಒಡನಾಟಗಳು ಎಲ್ಲವೂ ವರದಿಯಾಗಿ ಮೇಲೆ ಹೋಗುತ್ತಿದ್ದವು. ದುಲೀಪ್ ಸಿಂಗ್ ಕ್ಷಮೆ ಬೇಡಿ 1893ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ. ಅವನ ನೆಪದಲ್ಲಿ ಹುಟ್ಟಿದ ಕಚೇರಿಗೆ ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕಿತ್ತು.

ವೈಸ್‌ರಾಯ್ ಕರ್ಜನ್ ಕಾಲದಲ್ಲಿ ಆಂಡ್ರೂ ಫ್ರೇಸರ್ ಅಧ್ಯಕ್ಷತೆಯ ಪೊಲೀಸ್ ಆಯೋಗ ಪೊಲೀಸ್ ವ್ಯವಸ್ಥೆಯನ್ನು ಜಾಲಾಡಿದ ಮೇಲೆ, 1904ರಲ್ಲಿ ಠಕ್ಕರ ಇಲಾಖೆಯನ್ನು ಕೊನೆಗೂ ಮುಚ್ಚಿ, ಅದರ ಜಾಗದಲ್ಲಿ ಕೇಂದ್ರ ಅಪರಾಧ ಗುಪ್ತಚರ ಇಲಾಖೆಯನ್ನು ಕಟ್ಟಲಾಯಿತು. ಹೆಸರಿನಲ್ಲಿ ಅಪರಾಧ, ಕೆಲಸವೆಲ್ಲ ರಾಜಕೀಯ. ಮರುವರ್ಷವೇ ಬಂಗಾಳದ ವಿಭಜನೆ, ಅದರ ಬೆನ್ನಿಗೆ ಬಾಂಬು ಪಿಸ್ತೂಲು. 1912ರ ಡಿಸೆಂಬರ್ 23ರಂದು ದೆಹಲಿಯ ಚಾಂದನಿ ಚೌಕದಲ್ಲಿ ಆನೆಯ ಮೇಲೆ ಕೂತಿದ್ದ ವೈಸ್‌ರಾಯ್ ಹಾರ್ಡಿಂಜ್ ಮೇಲೆ ಬಾಂಬು ಬಿತ್ತು. ಕಾಕತಾಳೀಯವೆಂದರೆ, ಅಂದಿಗೆ ಆ ಪತ್ರಕ್ಕೆ ಸರಿಯಾಗಿ ಇಪ್ಪತ್ತೈದು ವರ್ಷ. ತನಿಖೆಗೆ ನಿಂತ ಡೇವಿಡ್ ಪೆಟ್ರಿ ಮುಂದೆ 1924ರಲ್ಲಿ, ಇಂಟೆಲಿಜೆನ್ಸ್ ಬ್ಯೂರೋ ಎಂದು ಆಗಲೇ ಹೆಸರು ಬದಲಿಸಿಕೊಂಡಿದ್ದ ಸಂಸ್ಥೆಯ ನಿರ್ದೇಶಕನಾದ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಆಂತರಿಕ ಭದ್ರತಾ ಸಂಸ್ಥೆ ಎಂಐ5 ಎಡವಿದಾಗ, 1941ರಲ್ಲಿ ಅದನ್ನು ನೆಟ್ಟಗೆ ಮಾಡಲು ಕರೆದದ್ದೂ ಇವನನ್ನೇ. ನಮ್ಮವರ ಮೇಲೆ ಪಳಗಿಸಿಕೊಂಡ ಕೈ ಲಂಡನ್ನಿಗೂ ಉಪಯೋಗಕ್ಕೆ ಬಂತು.

1947ರಲ್ಲಿ ಮದರಾಸು ಪೊಲೀಸಿನ ಟಿ.ಜಿ. ಸಂಜೀವಿ ಪಿಳ್ಳೈ ಮೊದಲ ಭಾರತೀಯ ನಿರ್ದೇಶಕರಾಗಿ ಬಂದಾಗ ಸಿಕ್ಕಿದ್ದು ಬಹುಮಟ್ಟಿಗೆ ಖಾಲಿ ಕಪಾಟುಗಳು. ಬ್ರಿಟಿಷರು ಹೊರಡುವ ಮುನ್ನ ಮುಖ್ಯ ಕಡತಗಳನ್ನು ನಾಶ ಮಾಡಿದ್ದರು. ಕಡತ ಹೋದರೂ ಪದ್ಧತಿ ಉಳಿಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಎಂಐ5ನ ಗೈ ಲಿಡೆಲ್ ದೆಹಲಿಗೆ ಬಂದು, ಸ್ವಾತಂತ್ರ್ಯಾನಂತರವೂ ತಮ್ಮ ಅಧಿಕಾರಿಯೊಬ್ಬರು ಇಲ್ಲಿರಲು ಒಪ್ಪಿಗೆ ಪಡೆದು ಹೋಗಿದ್ದರು. ನಿನ್ನೆಯವರೆಗೆ ಕಾಂಗ್ರೆಸ್ಸಿಗರ ಹಿಂದೆ ಸುತ್ತುತ್ತಿದ್ದ ಬ್ಯೂರೋ ಈಗ ಕಾಂಗ್ರೆಸ್ ಸರ್ಕಾರಕ್ಕೆ ವರದಿ ಒಪ್ಪಿಸತೊಡಗಿತು. ನೇತಾಜಿ ಸುಭಾಷರ ಕುಟುಂಬದವರ ಕಲ್ಕತ್ತೆಯ ಮನೆಗಳಿಗೆ ಬರುತ್ತಿದ್ದ ಕಾಗದಗಳನ್ನು ಗುಪ್ತಚರರು ಅಂಚೆಯಲ್ಲೇ ತಡೆದು ನಕಲು ಮಾಡಿಕೊಳ್ಳುತ್ತಿದ್ದುದು ಎರಡು ದಶಕ ನಡೆಯಿತು. 2015ರಲ್ಲಿ ಕಡತಗಳು ಬಯಲಾದಾಗಷ್ಟೇ ನಮಗೆ ಗೊತ್ತಾಗಿದ್ದು.

ಸಂವಿಧಾನ ಬರೆಯುವಾಗ ಈ ವಿಷಯ ಬರಲೇ ಇಲ್ಲ ಎನ್ನುವಂತಿಲ್ಲ. ಏಳನೇ ಅನುಸೂಚಿಯ ಕೇಂದ್ರಪಟ್ಟಿಯ ಎಂಟನೇ ನಮೂದು ಕೇಂದ್ರ ಗುಪ್ತಚರ ಮತ್ತು ತನಿಖಾ ಬ್ಯೂರೋಗೆ ಸಂಬಂಧಿಸಿದ್ದು. ಇದರಿಂದ ರಾಜ್ಯಗಳ ಪೊಲೀಸ್ ಅಧಿಕಾರಕ್ಕೆ ಕೇಂದ್ರ ಕೈಹಾಕುತ್ತದೆಯೇ ಎಂಬ ಅನುಮಾನ ಸಂವಿಧಾನ ಸಭೆಯಲ್ಲಿ ಎದ್ದಾಗ ಅಂಬೇಡ್ಕರ್, ಇಲ್ಲಿ ತನಿಖೆಯೆಂದರೆ ಮಾಹಿತಿ ಕಲೆಹಾಕುವ ಸಾಮಾನ್ಯ ವಿಚಾರಣೆ, ಪೊಲೀಸರು ಮಾಡುವ ಅಪರಾಧ ತನಿಖೆಯಲ್ಲ ಎಂದು ವಿವರಿಸಿದರು. ನಮೂದು ಸಂಸತ್ತಿಗೆ ಕಾನೂನು ಮಾಡುವ ಅಧಿಕಾರ ಕೊಟ್ಟಿತು. ಸಂಸತ್ತು ಆ ಅಧಿಕಾರವನ್ನು ಈವರೆಗೆ ಐಬಿಯ ಸ್ಥಾಪನೆಗೆ ಬಳಸಿಲ್ಲ.

ಒಳಗಿನ ಕಾವಲಿನ ಜೊತೆಗೆ ಹೊರಗಿನ ಬೇಹುಗಾರಿಕೆಯೂ, ಹಿಮಾಲಯದ ಗಡಿಠಾಣೆಗಳೂ ಸ್ವಾತಂತ್ರ್ಯದ ಮೊದಲ ವರ್ಷಗಳಲ್ಲಿ ಐಬಿಯ ಹೆಗಲಿಗೇ. ಅಕ್ಟೋಬರ್ 21ರಂದು ಜಿಲ್ಲೆ ಜಿಲ್ಲೆಯ ಸಶಸ್ತ್ರ ಮೀಸಲು ಪಡೆಯ ಮೈದಾನಗಳಲ್ಲಿ ಆಚರಿಸುವ ಪೊಲೀಸ್ ಹುತಾತ್ಮರ ದಿನಕ್ಕೆ ಕಾರಣವಾದ 1959ರ ಲಡಾಖ್ ಘಟನೆಯಲ್ಲಿ, ಚೀನಿ ಗುಂಡಿಗೆ ಎದೆಯೊಡ್ಡಿದ ಹತ್ತು ಮಂದಿ ಪೊಲೀಸರಿದ್ದ ತಂಡದ ಮುಂದಾಳು ಕರಂ ಸಿಂಗ್ ಐಬಿಯ ಅಧಿಕಾರಿ. 1962 ಮತ್ತು 1965ರ ಯುದ್ಧಗಳಲ್ಲಿ ಮಾಹಿತಿ ಸಾಲದೇ ಹೋಯಿತೆಂಬ ಟೀಕೆ ಬಂತು. 1968ರಲ್ಲಿ ವಿದೇಶದ ಕೆಲಸವನ್ನು ಪ್ರತ್ಯೇಕಿಸಿ ರಾ ಸಂಸ್ಥೆಗೆ ಕೊಟ್ಟರು. ಅದನ್ನು ಕಟ್ಟಿದ ಆರ್.ಎನ್. ಕಾವ್ ಕೂಡ ಐಬಿ ಗರಡಿಯವರೇ. ಐಬಿ ಆಮೇಲೆ ಮನೆಯೊಳಗಿನ ಕಾವಲಿಗೆ ನಿಂತಿತು.

ಐಬಿಗೆ ಯಾರನ್ನೂ ಬಂಧಿಸುವ ಅಧಿಕಾರವಿಲ್ಲ. ಅದು ಸುಳಿವು ಕೊಡುತ್ತದೆ, ಹಿಡಿಯುವವರು ಪೊಲೀಸರು. 2008ರ ಮುಂಬೈ ದಾಳಿಯ ನಂತರ ತರಾತುರಿಯಲ್ಲಿ ಹುಟ್ಟಿದ ಎನ್‌ಐಎ ಹಾಗಲ್ಲ, ಅದಕ್ಕೆ ಸಂಸತ್ತಿನ ಕಾಯ್ದೆಯಿದೆ, ಎಫ್‌ಐಆರ್ ಇದೆ, ವಿಶೇಷ ನ್ಯಾಯಾಲಯವಿದೆ. ಹಿಡಿಯುವವನು ಕೋರ್ಟಿಗೆ ಲೆಕ್ಕ ಕೊಡಬೇಕು. ಸುಳಿವು ಕೊಟ್ಟವನು ತಪ್ಪಿದರೆ? 1994ರ ಇಸ್ರೋ ಬೇಹುಗಾರಿಕೆ ಪ್ರಕರಣದಲ್ಲಿ ಕೇರಳ ಪೊಲೀಸರ ಜೊತೆ ಐಬಿ ಅಧಿಕಾರಿಗಳೂ ವಿಜ್ಞಾನಿಗಳನ್ನು ವಿಚಾರಣೆಗೆ ಒಳಪಡಿಸಿದ್ದರು. ಆರೋಪದಲ್ಲಿ ಹುರುಳಿಲ್ಲವೆಂದು ಸಿಬಿಐ 1996ರಲ್ಲೇ ವರದಿ ಕೊಟ್ಟಿತು. ಆ ವಿಜ್ಞಾನಿಗಳಲ್ಲಿ ಒಬ್ಬರಾದ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 14ರಂದು. ಅದೇ ಪ್ರಕರಣದಲ್ಲಿ ಜೈಲು ಕಂಡಿದ್ದ ಬೆಂಗಳೂರಿನ ಹಿರಿಯರೊಬ್ಬರು ಆ ಹೊತ್ತಿಗೆ ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿದ್ದರು. ಎರಡು ದಿನದಲ್ಲಿ ತೀರಿಕೊಂಡರು.

ಕಾನೂನುಗಳು ಇಲ್ಲವೆಂದಲ್ಲ, ಇವೆ. 1985ರ ಕಾಯ್ದೆಯೊಂದು ಐಬಿ ನೌಕರರು ಸಂಘ ಕಟ್ಟದಂತೆ ತಡೆಯುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟರೆ ಉಳಿದದ್ದನ್ನು ನಾಗರಿಕರು ಕೇಳದಂತೆ ತಡೆಯುತ್ತದೆ. ಐಬಿ ಏನು ಮಾಡಬಹುದು, ಏನು ಮಾಡಕೂಡದು ಎಂದು ಹೇಳುವ ಕಾಯ್ದೆ ಮಾತ್ರ ಇಲ್ಲ. ಈ ಪ್ರಶ್ನೆಯನ್ನು ಕೋರ್ಟಿಗೆ ಒಯ್ದವರು ಹೊರಗಿನವರಲ್ಲ, ದಶಕಗಟ್ಟಲೆ ಅಲ್ಲೇ ದುಡಿದು ನಿವೃತ್ತರಾದ ಮೈಸೂರಿನ ಅಧಿಕಾರಿ. ಕರ್ನಾಟಕ ಹೈಕೋರ್ಟಿನಲ್ಲಿ ಅವರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಉತ್ತರವಾಗಿ ಕೇಂದ್ರ ಸರ್ಕಾರ ಸಂವಿಧಾನದ ಆ ಎಂಟನೇ ನಮೂದನ್ನೂ, 1887ರ ಡಿಸೆಂಬರ್ 23ರ ಆದೇಶವನ್ನೂ ಮುಂದಿಟ್ಟಿತು. ನೂರಿಪ್ಪತ್ತೈದು ವರ್ಷ ಹಳೆಯ ವಿಲಾಯಿತಿ ಪತ್ರವೊಂದು ಗಣರಾಜ್ಯದ ಹೈಕೋರ್ಟಿನಲ್ಲಿ ಸಮರ್ಥನೆಗೆ ಬಂದ ಅಪರೂಪದ ಸಂದರ್ಭ ಅದು.

ಹಾಗೆ ನೋಡಿದರೆ ಬ್ರಿಟನ್ನಿನ ಎಂಐ5 ಕೂಡ 1909ರಿಂದ ಎಂಬತ್ತು ವರ್ಷ ಕಾನೂನಿಲ್ಲದೆಯೇ ನಡೆಯಿತು. ಯುರೋಪಿನ ಮಾನವ ಹಕ್ಕು ವ್ಯವಸ್ಥೆಯ ಒತ್ತಡ ಬಿದ್ದ ಮೇಲೆ 1989ರಲ್ಲಿ ಅದಕ್ಕೊಂದು ಕಾಯ್ದೆ ಮಾಡಿಕೊಂಡರು. ಸಂಸ್ಥೆಯೇನೂ ಕುಸಿದು ಬೀಳಲಿಲ್ಲ. ನಮ್ಮಲ್ಲಿ ತುರ್ತುಪರಿಸ್ಥಿತಿಯ ನಂತರ ಐಬಿ, ಸಿಬಿಐಗಳ ದುರ್ಬಳಕೆ ತಡೆಯುವುದು ಹೇಗೆಂದು ನೋಡಲು ಎಲ್.ಪಿ. ಸಿಂಗ್ ಸಮಿತಿ ನೇಮಕವಾಗಿತ್ತು, ಅದರ ವರದಿ ಜನರ ಕೈಗೆ ಬರಲಿಲ್ಲ. 2011ರಲ್ಲಿ ಸಂಸದ ಮನೀಶ್ ತಿವಾರಿ ಐಬಿಯಂಥ ಸಂಸ್ಥೆಗಳಿಗೆ ಕಾನೂನಿನ ಚೌಕಟ್ಟು ಕೋರಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದರು, ಅದು ಬಿದ್ದುಹೋಯಿತು. ವಸಾಹತು ಕಾಲದ ಗುರುತು ಅಳಿಸುತ್ತೇವೆಂದು 1860ರ ದಂಡ ಸಂಹಿತೆಯನ್ನು ತೆಗೆದು 2024ರ ಜುಲೈ 1ರಿಂದ ನ್ಯಾಯ ಸಂಹಿತೆ ತಂದದ್ದಾಯಿತು. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂತು. ಬದಲಿಸಬೇಕಾದವುಗಳ ಆ ಪಟ್ಟಿಗೆ 1887ರ ಪತ್ರವನ್ನು ಯಾರೂ ಸೇರಿಸಲಿಲ್ಲ.